ಪ್ಯಾಕೇಜಿಂಗ್: ಪದದ ಅರ್ಥ ಮತ್ತು ಕಾಫಿ ವಹಿವಾಟಿನಲ್ಲಿ ಅದರ ಬಳಕೆ

'ಪ್ಯಾಕೇಜ್' ಎಂಬ ಪದಕ್ಕೆ ಮಲೆನಾಡಿನ ಕಾಫಿ ವಲಯದಲ್ಲಿ ಹಲವು ಅರ್ಥಗಳಿವೆ. ಬೆಳೆಗಾರರ ಸಭೆಗಳಲ್ಲಿ ಅದು 2010ರ ಕಾಫಿ ಸಾಲ ಪರಿಹಾರದಂತಹ ಸರ್ಕಾರಿ ನೆರವು. ಹೋಂಸ್ಟೇ ನಡೆಸುವವರಿಗೆ ಊಟ, ವಸತಿ, ಜೀಪು ಸವಾರಿ ಸೇರಿದ ಒಟ್ಟು ದರ. ವರ್ತಕರಿಗೆ ಸಂಬಂಧಿಸಿದ್ದು 'ಪ್ಯಾಕೇಜಿಂಗ್'. ಇದನ್ನು ಬಹುತೇಕರು 'ಪ್ಯಾಕಿಂಗ್' ಎಂದೇ ಭಾವಿಸುತ್ತಾರೆ. ಸರಕನ್ನು ತುಂಬಿ ಕಟ್ಟುವುದಷ್ಟೇ ಪ್ಯಾಕಿಂಗ್. ಯಾವ ಸರಕಿಗೆ ಯಾವ ಹೊದಿಕೆ, ಎಷ್ಟು ತೂಕ, ಹೊರಗೆ ಯಾವ ಬರಹ ಎಂಬುದನ್ನು ಮೊದಲೇ ನಿರ್ಧರಿಸುವುದು ಪ್ಯಾಕೇಜಿಂಗ್.

ತೋಟದ ಮಟ್ಟದಲ್ಲಿ ಇದು 50 ಕಿಲೋ ಗೋಣಿಚೀಲದಿಂದ ಆರಂಭವಾಗುತ್ತದೆ. ಪಾರ್ಚ್‌ಮೆಂಟ್ ಹಾಗೂ ಚೆರಿಯ ದರವನ್ನು ಹೇಳುವುದೂ ಈ ಚೀಲದ ಲೆಕ್ಕದಲ್ಲಿಯೇ. ಕಣದಲ್ಲಿ ಕಾಫಿಯನ್ನು ಶೇಕಡ 10-11ರಷ್ಟು ತೇವಾಂಶಕ್ಕೆ ಒಣಗಿಸಿದರೂ, ಮೂಡಿಗೆರೆ ಮತ್ತು ಕಳಸದ ಮಳೆಗಾಲದವರೆಗೆ ದಾಸ್ತಾನು ಉಳಿದರೆ ಗೋಣಿಯು ಗಾಳಿಯ ತೇವವನ್ನು ಒಳಗೆ ಬಿಡುತ್ತದೆ. ಬೂಷ್ಟು ಹಿಡಿದ ಕಾಫಿಗೆ ದರ ಕಡಿತ ಖಚಿತ. ಆದ್ದರಿಂದ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಗಳ ಮೇಲೆ ಜೋಡಿಸಬೇಕು. ರಸಗೊಬ್ಬರದ ಖಾಲಿ ಚೀಲವನ್ನು ಬಳಸುವುದಂತೂ ಉಳಿತಾಯವಲ್ಲ. ಅದರ ವಾಸನೆ ಕಾಳಿಗೆ ಅಂಟುತ್ತದೆ. ಕ್ಯೂರಿಂಗ್ ಬಳಿಕ ರಫ್ತಿಗೆ ಸಾಮಾನ್ಯವಾಗಿ 60 ಕಿಲೋ ಚೀಲ. ಖನಿಜ ತೈಲದ ಬದಲು ಸಸ್ಯಜನ್ಯ ತೈಲ ಬಳಸಿ ನೇಯ್ದ ಸೆಣಬಿನ ಚೀಲಗಳನ್ನೇ ವಿದೇಶಿ ಖರೀದಿದಾರರು ಅಪೇಕ್ಷಿಸುವುದಕ್ಕೂ ಇದೇ ಕಾರಣ.

ಹುರಿದ ಕಾಫಿಯ ಸಮಸ್ಯೆ ಬೇರೆ. ಹುರಿದ ನಂತರ ಕೆಲವು ದಿನಗಳವರೆಗೆ ಬೀಜವು ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಿರುತ್ತದೆ. ಪೂರ್ಣ ಮುಚ್ಚಿದರೆ ಪೊಟ್ಟಣ ಉಬ್ಬುತ್ತದೆ, ತೆರೆದಿಟ್ಟರೆ ಆಮ್ಲಜನಕ ತಗುಲಿ ಪರಿಮಳ ಕುಂದುತ್ತದೆ. ಅನಿಲವನ್ನು ಹೊರಕ್ಕೆ ಮಾತ್ರ ಬಿಡುವ ಏಕಮುಖ ವಾಲ್ವ್ ಇರುವ ಬಹುಪದರದ ಪೊಟ್ಟಣ ಇದಕ್ಕೆ ಪರಿಹಾರ. ಗಿರಾಕಿಯ ಎದುರಿನಲ್ಲಿಯೇ ಪುಡಿ ಮಾಡಿ ಕಾಗದದಲ್ಲಿ ಕಟ್ಟಿಕೊಡುವ ಅಂಗಡಿಗೆ ಈ ಖರ್ಚು ಅನಗತ್ಯ.

ಮೊದಲೇ ತುಂಬಿಟ್ಟು ಮಾರುವ ಪೊಟ್ಟಣಕ್ಕೆ 2011ರ ಪೊಟ್ಟಣ ಸರಕು ನಿಯಮಗಳು ಅನ್ವಯಿಸುತ್ತವೆ: ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತಿಂಗಳು ಮತ್ತು ವರ್ಷ, ಗರಿಷ್ಠ ಚಿಲ್ಲರೆ ಬೆಲೆ ನಮೂದಾಗಬೇಕು. ಚಿಕೋರಿ ಬೆರೆಸಿದ್ದರೆ ಎರಡರ ಪ್ರಮಾಣವನ್ನೂ ತಿಳಿಸಬೇಕು. ಕಾಫಿಯು ಶೇಕಡ 51ಕ್ಕಿಂತ ಕಡಿಮೆ ಇರುವಂತಿಲ್ಲ.

ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯಲ್ಲಿ ತೋಟದ ಹೆಸರು ಗ್ರಾಹಕನವರೆಗೆ ತಲುಪುತ್ತಿರಲಿಲ್ಲ. 1996ರಲ್ಲಿ ಮುಕ್ತ ಮಾರಾಟ ಪೂರ್ಣವಾಗಿ ಜಾರಿಗೆ ಬಂದ ಮೇಲೂ ಬಹುಪಾಲು ಬೆಳೆಗಾರರು ಚೀಲದ ದರಕ್ಕೇ ತೃಪ್ತರಾದರು; ಪೊಟ್ಟಣದ ಲಾಭ ಬೇರೆಯವರ ಪಾಲಾಯಿತು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಕ ನೋಂದಣಿ ದೊರೆತಿದೆ. ಆದರೆ ಈ ಸೂಚಕವನ್ನು ಪೊಟ್ಟಣದ ಮೇಲೆ ಮುದ್ರಿಸುವ ಮೊದಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವುದು ಅಗತ್ಯ.