ಇಂಜೆರಾ ಹಾಸಿ ಬಡಿಸುವ ಊಟ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಶಾ ಬಡಾವಣೆಯಲ್ಲಿ, ನೈನ್ತ್ ಸ್ಟ್ರೀಟ್ ಬಂದು ಯು ಸ್ಟ್ರೀಟನ್ನು ಸೇರುವ ಆಸುಪಾಸಿನಲ್ಲಿ, ಅಂಗಡಿ ಬೋರ್ಡುಗಳ ಮೇಲೆ ಇಂಗ್ಲಿಷಿನ ಪಕ್ಕದಲ್ಲೇ ಇಥಿಯೋಪಿಯಾದ ಅಮ್ಹಾರಿಕ್ ಅಕ್ಷರಗಳು ಕಾಣುತ್ತವೆ. ಇಲ್ಲಿನ ಸಣ್ಣ ಹೋಟೆಲುಗಳು ದಿನದ ಒಂದೊಂದು ಹೊತ್ತಿಗೆ ಒಂದೊಂದು ಬಗೆಯಾಗಿರುತ್ತವೆ. ಮಧ್ಯಾಹ್ನ ಇಳಿದ ಮೇಲೆ ಬರುವವರಲ್ಲಿ ಟ್ಯಾಕ್ಸಿ ಓಡಿಸುವ ಇಥಿಯೋಪಿಯನ್ನರು ಹೆಚ್ಚು. ಅವರ ಮುಂದೆ ಸಣ್ಣ ಲೋಟದಲ್ಲಿ ಮಕಿಯಾಟೊ ಕಾಫಿ, ಗೋಡೆಯ ಟಿವಿಯಲ್ಲಿ ಊರಿನ ಸುದ್ದಿ. 1936ರಿಂದ 1941ರವರೆಗೆ ಇಥಿಯೋಪಿಯಾವನ್ನು ಆಕ್ರಮಿಸಿಕೊಂಡಿದ್ದ ಇಟಲಿಯವರು ಹೋದ ಮೇಲೂ ಅಲ್ಲಿ ಉಳಿದದ್ದು ಈ ಮಕಿಯಾಟೊ ಮತ್ತು ಸ್ಪಗೆಟ್ಟಿ. ಎರಡೂ ಇಂದಿಗೂ ಈ ಹೋಟೆಲುಗಳ ಮೆನುವಿನಲ್ಲಿವೆ. ಕತ್ತಲಾದ ಮೇಲೆ ಮಕ್ಕಳುಮರಿಯೊಂದಿಗೆ ಸಂಸಾರಗಳು ಬರುತ್ತವೆ, ಜೊತೆಗೆ ಅಕ್ಕಪಕ್ಕದ ಅಮೆರಿಕನ್ನರು. ಎಷ್ಟೋ ಹೋಟೆಲುಗಳಲ್ಲಿ ಬಾಗಿಲ ಬಳಿಯೇ ಒಂದು ಕಿರಾಣಿ ಮೂಲೆ ಇರುತ್ತದೆ: ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ, ದೋಸೆಯಂಥ ಇಂಜೆರಾ, ಕೆಂಪು ಬೆರ್ಬೆರೆ ಮಸಾಲೆ ಪುಡಿ, ಹಸಿ ಕಾಫಿ ಬೀಜ, ಸಾಂಬ್ರಾಣಿ.

ಊಟ ಬರುವುದು ದೊಡ್ಡ ದುಂಡು ತಟ್ಟೆಯಲ್ಲಿ. ತಟ್ಟೆಯ ತುಂಬ ಒಂದು ಅಗಲವಾದ ಇಂಜೆರಾ ಹಾಸಿರುತ್ತದೆ. ಅದರ ಮೇಲೆ ಕೆಂಪು, ಹಳದಿ, ಹಸಿರು, ಕಂದು ಬಣ್ಣದ ಗೊಜ್ಜು ಪಲ್ಯಗಳ ಗುಪ್ಪೆಗಳು. ಪಕ್ಕದಲ್ಲಿ ಸುರುಳಿ ಸುತ್ತಿದ ಇನ್ನಷ್ಟು ಇಂಜೆರಾ. ನಾಲ್ಕು ಜನ ಕೂತರೂ ತಟ್ಟೆ ಒಂದೇ, ಚಮಚ ಇಡುವುದಿಲ್ಲ. ಬಲಗೈಯಲ್ಲಿ ಇಂಜೆರಾದ ತುಂಡು ಹರಿದು, ಅದರಿಂದಲೇ ಗೊಜ್ಜನ್ನು ಹಿಡಿದು ಬಾಯಿಗಿಡಬೇಕು. ತಮ್ಮ ಮುಂದಿರುವುದನ್ನು ತಿನ್ನುವುದು ಮರ್ಯಾದೆ, ಎದುರಿನವರ ಕಡೆಗೆ ಕೈ ಚಾಚುವುದಲ್ಲ. ಬಣ್ಣಬಣ್ಣದ ಹುಲ್ಲಿನಿಂದ ಹೆಣೆದ ‘ಮೆಸೋಬ್’ ಎಂಬ ಬುಟ್ಟಿಮೇಜಿನ ಸುತ್ತ ಕೂತು ಉಣ್ಣುವುದು ಸಂಪ್ರದಾಯ. ಬಡಾವಣೆ ಹೋಟೆಲುಗಳಲ್ಲಿ ಮೆಸೋಬ್ ಒಂದೋ ಎರಡೋ ಅಲಂಕಾರಕ್ಕೆ ಇರುತ್ತವೆ; ಊಟ ನಡೆಯುವುದು ಸಾದಾ ಮೇಜಿನ ಮೇಲೆ. ಕಡೆಯಲ್ಲಿ ತಟ್ಟೆಗೆ ಹಾಸಿದ್ದ ಇಂಜೆರಾ ಎಲ್ಲ ರಸಗಳನ್ನೂ ಹೀರಿಕೊಂಡು ಮೆತ್ತಗಾಗಿರುತ್ತದೆ. ಬಲ್ಲವರು ಅದಕ್ಕಾಗಿಯೇ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳುತ್ತಾರೆ. ಇಡೀ ಊಟದಲ್ಲಿ ಅತಿ ರುಚಿಯಾದ ಭಾಗ ಅದೇ.

ಇಂಜೆರಾವನ್ನು ‘ಆಫ್ರಿಕಾದ ದೋಸೆ’ ಎಂದು ಪರಿಚಯಿಸುವುದು ನಮ್ಮಲ್ಲಿ ರೂಢಿ. ನೋಟಕ್ಕೆ ಅದು ಸರಿ, ಮಾಡುವ ಕ್ರಮಕ್ಕೆ ಸಾಲದು. ದೋಸೆಗೆ ಅಕ್ಕಿಯ ಜೊತೆ ಉದ್ದು ಬೇಕು. ಅಸಲಿ ಇಂಜೆರಾಕ್ಕೆ ಬೇಕಾದದ್ದು ತೆಫ್ ಎಂಬ ಒಂದೇ ಧಾನ್ಯದ ಹಿಟ್ಟು, ನೀರು ಮತ್ತು ಹಿಂದಿನ ಸಲದ ಹಿಟ್ಟಿನ ಮೇಲೆ ನಿಂತ ಹಳದಿ ತಿಳಿ. ‘ಎರ್ಶೊ’ ಎಂಬ ಆ ತಿಳಿಯೇ ಹೆಪ್ಪು. ಎರಡು ಮೂರು ದಿನ ಹುದುಗಿದ ಮೇಲೆ ಮೇಲಿನ ನೀರನ್ನು ಬಸಿದು, ಹಿಟ್ಟಿನ ಒಂದು ಪಾಲನ್ನು ನೀರಿನಲ್ಲಿ ಕುದಿಸಿ ಗಂಜಿ ಮಾಡಿ, ಆರಿಸಿ, ಉಳಿದ ಹಿಟ್ಟಿಗೆ ಕಲಸುತ್ತಾರೆ. ಇದಕ್ಕೆ ‘ಅಬ್ಸಿತ್’ ಎನ್ನುತ್ತಾರೆ. ತೆಫ್‌ನಲ್ಲಿ ಗೋಧಿಯ ಅಂಟು ಇಲ್ಲ. ಹುದುಗಿನಿಂದ ಹುಟ್ಟುವ ಗಾಳಿಗುಳ್ಳೆಗಳನ್ನು ಹಿಡಿದಿಡುವುದಕ್ಕೆ ಈ ಗಂಜಿಯೇ ನೆರವಾಗುತ್ತದೆ.

ಆಮೇಲೆ ‘ಮಿತಾದ್’ ಎಂಬ ಅಗಲವಾದ ಮಣ್ಣಿನ ಹೆಂಚು. ಎಣ್ಣೆಕಾಳಿನ ಪುಡಿ ಹಾಕಿ ಹೆಂಚನ್ನು ಒರೆಸಿ, ಹಿಟ್ಟನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಕ್ಕೆ ಹುಯ್ಯುತ್ತಾರೆ. ಮೇಲ್ಮೈ ತುಂಬ ಕಣ್ಣುಗಳು ಮೂಡಿದ ಕೂಡಲೇ ಮುಚ್ಚಳ ಮುಚ್ಚಿದರೆ ಎರಡು ಮೂರು ನಿಮಿಷಕ್ಕೆ ಹಬೆಯಲ್ಲೇ ಬೇಯುತ್ತದೆ, ಮಗುಚುವುದಿಲ್ಲ. ಅರ್ಧ ಮೀಟರಿಗಿಂತ ಅಗಲದ ಆ ಮೆತ್ತನೆಯ ಹಾಳೆಯನ್ನು ಹರಿಯದಂತೆ ಹುಲ್ಲಿನ ತಟ್ಟಿಯ ಮೇಲೆ ಎಳೆದುಕೊಳ್ಳುವುದಕ್ಕೆ ಪಳಗಿದ ಕೈ ಬೇಕು. ಕಣ್ಣುಗಳು ಒತ್ತಾಗಿ, ಒಂದೇ ಸಮ ಇದ್ದರೆ ಮಾಡಿದವರಿಗೆ ಹೊಗಳಿಕೆ. ಗೊಜ್ಜಿನ ರಸ ಇಳಿಯುವುದು ಅವುಗಳೊಳಗೆ.

ಅಮೆರಿಕಕ್ಕೆ ವಲಸೆ ಬಂದವರಿಗೆ ಮಣ್ಣಿನ ಮಿತಾದ್ ಎಲ್ಲಿ ಸಿಗಬೇಕು? ನಾರ್ವೆ ಮೂಲದವರು ತಮ್ಮ ಲೆಫ್ಸಾ ಎಂಬ ತೆಳು ರೊಟ್ಟಿಗಾಗಿ ಬಳಸುತ್ತಿದ್ದ, ಅಯೋವಾ ರಾಜ್ಯದಲ್ಲಿ ತಯಾರಾಗುವ ದುಂಡು ವಿದ್ಯುತ್ ಕಾವಲಿ ಅವರ ಕಣ್ಣಿಗೆ ಬಿತ್ತು. ಇವತ್ತಿಗೂ ಅಮೆರಿಕದ ಎಷ್ಟೋ ಇಥಿಯೋಪಿಯನ್ ಮನೆಗಳಲ್ಲಿ ಇಂಜೆರಾ ಬೇಯುವುದು ಅದರ ಮೇಲೆ.

ತೆಫ್ ಕಾಳು ಬಹಳ ಚಿಕ್ಕದು. ಒಂದು ಗೋಧಿ ಕಾಳಿನ ತೂಕಕ್ಕೆ ಸುಮಾರು 150 ತೆಫ್ ಕಾಳು ಬೇಕು ಎಂಬ ಲೆಕ್ಕವಿದೆ. ವಲಸೆಯ ಮೊದಲ ದಿನಗಳಲ್ಲಿ ಇದು ಅಮೆರಿಕದಲ್ಲಿ ಸಿಗುತ್ತಿರಲಿಲ್ಲ. ಗೋಧಿ, ಬಾರ್ಲಿ, ಜೋಳದ ಹಿಟ್ಟುಗಳನ್ನು ಬೆರೆಸಿ ಹೇಗೋ ಸುಧಾರಿಸುತ್ತಿದ್ದರು. 1970ರ ದಶಕದಲ್ಲಿ ಇಥಿಯೋಪಿಯಾದಲ್ಲಿ ಕೆಲಸ ಮಾಡಿ ಬಂದಿದ್ದ ವೇಯ್ನ್ ಕಾರ್ಲ್‌ಸನ್, ಐಡಾಹೊ ರಾಜ್ಯದ ಸ್ನೇಕ್ ನದಿಯ ಬಯಲಿನಲ್ಲಿ ತೆಫ್ ಬೆಳೆಯಬಹುದೆಂದು ತೋರಿಸಿ, 1980ರ ದಶಕದಲ್ಲಿ ವಲಸಿಗರಿಗೆ ಹಿಟ್ಟು ಮಾರತೊಡಗಿದರು. ಆ ಕಡೆ ಇಥಿಯೋಪಿಯಾ ಸರ್ಕಾರ, ದೇಶದೊಳಗೆ ಬೆಲೆ ಏರುವುದನ್ನು ತಡೆಯಲು 2006ರಲ್ಲಿ ತೆಫ್ ಕಾಳಿನ ರಫ್ತನ್ನು ನಿಲ್ಲಿಸಿತು. 2015ರಲ್ಲಿ ಸ್ವಲ್ಪ ಸಡಿಲಿಸಿತು. ಕಾಳಿಗೆ ನಿಷೇಧವಿದ್ದಾಗಲೂ ಮಾಡಿದ ಇಂಜೆರಾ ಅಡಿಸ್ ಅಬಾಬಾದಿಂದ ವಿಮಾನದಲ್ಲಿ ಬರುತ್ತಿತ್ತು. ಈ ನಡುವೆ ನೆದರ್ಲೆಂಡ್ಸ್‌ನ ಕಂಪನಿಯೊಂದು ತೆಫ್ ಹಿಟ್ಟಿನ ಬಳಕೆಗೆ ಯುರೋಪಿನಲ್ಲಿ ಪೇಟೆಂಟ್ ಪಡೆದುಬಿಟ್ಟಿತು. ಸಾವಿರಾರು ವರ್ಷ ಈ ಬೆಳೆಯನ್ನು ಕಾಪಾಡಿದ ರೈತರಿಗೆ ಅದು ದೊಡ್ಡ ಅನ್ಯಾಯ. 2018ರಲ್ಲಿ ಹೇಗ್ ನ್ಯಾಯಾಲಯ ಅದರಲ್ಲಿ ಹೊಸ ಆವಿಷ್ಕಾರವಿಲ್ಲವೆಂದು ನೆದರ್ಲೆಂಡ್ಸ್ ಮಟ್ಟಿಗೆ ಆ ಪೇಟೆಂಟನ್ನು ರದ್ದು ಮಾಡಿತು.

ಸಾಧಾರಣ ಹೋಟೆಲುಗಳಲ್ಲಿ ಇಂದಿಗೂ ತೆಫ್‌ಗೆ ಗೋಧಿ ಅಥವಾ ಬಾರ್ಲಿ ಬೆರೆಸುತ್ತಾರೆ. ಶುದ್ಧ ತೆಫ್ ದುಬಾರಿ. ಗೋಧಿ ಒಗ್ಗದವರು ಕೇಳಿಯೇ ತಿನ್ನಬೇಕು.

ಇಂಜೆರಾದ ಮೇಲೆ ಬರುವ ‘ವೊತ್’ ಎಂಬ ಗೊಜ್ಜುಗಳಿಗೆ ಮೂಲ ಈರುಳ್ಳಿ. ಸಣ್ಣಗೆ ಹೆಚ್ಚಿದ ಕೆಂಪು ಈರುಳ್ಳಿಯನ್ನು ಎಣ್ಣೆಯಿಲ್ಲದೆ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ ಅದು ಕರಗಿ ಮುದ್ದೆಯಾಗುವ ತನಕ ಕೈಯಾಡಿಸುತ್ತಾರೆ. ಎಣ್ಣೆ ಅಥವಾ ಮಸಾಲೆ ಹಾಕಿ ಕಾಯಿಸಿದ ತುಪ್ಪ ಬೀಳುವುದು ಆಮೇಲೆ. ಅದರ ಹಿಂದೆ ಬೆರ್ಬೆರೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಮೆಂತ್ಯ, ಓಮ, ಕರಿಜೀರಿಗೆ, ಕೊರರೀಮಾ ಎಂಬ ಅಲ್ಲಿನದೇ ಏಲಕ್ಕಿ ಸೇರಿ ಆಗುವ ಪುಡಿ ಅದು. ಅವಸರದ ಅಡುಗೆಮನೆಯಲ್ಲಿ ಈರುಳ್ಳಿ ಅರ್ಧಕ್ಕೇ ಬೆಂದಿರುತ್ತದೆ, ಗೊಜ್ಜು ನೀರುನೀರಾಗುತ್ತದೆ. ಹೋಟೆಲಿನ ಯೋಗ್ಯತೆ ಗೊತ್ತಾಗುವುದು ಇದರಲ್ಲೇ. ಹಬ್ಬದ ಅಡುಗೆಯಾದ ‘ದೊರೊ ವೊತ್’ಗೆ ಕೋಳಿಯನ್ನು 12 ತುಂಡು ಮಾಡುವುದು ಕ್ರಮ, ಇಡಿಯಾಗಿ ಬೇಯಿಸಿದ ಮೊಟ್ಟೆಗಳೂ ಅದರಲ್ಲಿರುತ್ತವೆ. ಗುರಾಗೆ ಜನರ ‘ಕಿತ್ಫೊ’ ಎಂದರೆ ಮಸಾಲೆ ತುಪ್ಪದಲ್ಲಿ ಕಲಸಿದ ಹಸಿ ಗೋಮಾಂಸದ ಕೈಮ. ಹಂದಿಮಾಂಸ ಮಾತ್ರ ಎಲ್ಲೂ ಇಲ್ಲ. ಆರ್ಥೊಡಾಕ್ಸ್ ಕ್ರೈಸ್ತರೂ ಮುಸ್ಲಿಮರೂ ಅದನ್ನು ಮುಟ್ಟುವುದಿಲ್ಲ.

ಆದರೆ ಈ ಅಡುಗೆಯ ನಿಜವಾದ ಸಿರಿ ಅದರ ಉಪವಾಸದ ತಟ್ಟೆ. ಇಥಿಯೋಪಿಯಾದ ತೆವಾಹೆದೊ ಚರ್ಚಿನ ಶ್ರದ್ಧಾಳುಗಳು ಬಹುಪಾಲು ವರ್ಷವಿಡೀ ಬುಧವಾರ, ಶುಕ್ರವಾರ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ, ತುಪ್ಪ ಬಿಡುತ್ತಾರೆ. ಈಸ್ಟರಿಗೆ ಮುಂಚಿನ ಮಹೋಪವಾಸವೇ 55 ದಿನ. ಎಲ್ಲ ಕೂಡಿಸಿದರೆ ಸಾಮಾನ್ಯ ಗೃಹಸ್ಥರಿಗೂ ವರ್ಷದಲ್ಲಿ ಸುಮಾರು 180 ದಿನ ಉಪವಾಸ. ಅರ್ಧ ವರ್ಷ ತುಪ್ಪ ಮಾಂಸ ಇಲ್ಲದೆ ಬಾಯಿಗೆ ರುಚಿ ಕಾಣಬೇಕಾದ ಜನ, ಬೇಳೆಕಾಳು ಸೊಪ್ಪುಗಳಲ್ಲಿ ಇಷ್ಟು ಪಳಗಿದ್ದು ಆಶ್ಚರ್ಯವಲ್ಲ. ಮೆನುವಿನಲ್ಲಿ ‘ಯೆತ್ಸೊಮ್ ಬೆಯಾಯ್ನೆತು’ ಅಥವಾ ವೆಜಿ ಕಾಂಬೊ ಎಂದಿರುವುದು ಈ ತಟ್ಟೆಯೇ. ಬೆರ್ಬೆರೆ ಹಾಕಿದ ಮಸೂರ ಬೇಳೆಯ ಮಿಸಿರ್ ವೊತ್, ಅರಿಶಿನದ ಬಟಾಣಿ ಬೇಳೆಯ ಕಿಕ್ ಅಲಿಚಾ, ಬೆಳ್ಳುಳ್ಳಿ ಹಾಕಿ ಬೇಯಿಸಿದ ಸೊಪ್ಪು, ಕ್ಯಾರೆಟ್ ಆಲೂಗಡ್ಡೆ ಕೂಡಿದ ಎಲೆಕೋಸು, ಹುರುಳಿಕಾಯಿ ಪಲ್ಯ. ಇವುಗಳ ನಡುವೆ ಶಿರೊ: ಹುರಿದ ಕಡಲೆ ಅಥವಾ ಬಟಾಣಿ ಹಿಟ್ಟನ್ನು ಮಸಾಲೆಯಲ್ಲಿ ಕುದಿಸಿದ್ದು, ಕೆಲವೆಡೆ ಸಣ್ಣ ಮಣ್ಣಿನ ಪಾತ್ರೆಯಲ್ಲಿ ಕೊತಕೊತ ಕುದಿಯುತ್ತಲೇ ಮೇಜಿಗೆ ಬರುತ್ತದೆ. ಮಕ್ಕಳ ಮನೆಗೆಂದು ವರ್ಜೀನಿಯಾ, ಮೇರಿಲ್ಯಾಂಡ್‌ಗೆ ಹೋಗುವ ಸಸ್ಯಾಹಾರಿ ಕನ್ನಡಿಗ ತಂದೆತಾಯಿಗಳಿಗೆ ಅಮೆರಿಕದಲ್ಲಿ ಇದಕ್ಕಿಂತ ನಂಬಿ ತಿನ್ನಬಹುದಾದ ಹೊರಗಿನ ಊಟ ಸಿಗುವುದು ಕಷ್ಟ.

ಆ ತಟ್ಟೆಗೂ ಕರ್ನಾಟಕದ ಹೊಲಗಳಿಗೂ ಹಳೆಯ ನಂಟಿದೆ. ಇಥಿಯೋಪಿಯಾದ ಉಪವಾಸದ ಅಡುಗೆಗೆ ಹೆಸರಾದ ಎಣ್ಣೆ ನಮ್ಮ ಹುಚ್ಚೆಳ್ಳಿನದು, ಉತ್ತರ ಕರ್ನಾಟಕದಲ್ಲಿ ಗುರೆಳ್ಳು ಎನ್ನುವ ಕಾಳಿನದು. ಅದು ಮೊದಲು ಕೃಷಿಗೆ ಬಂದದ್ದೇ ಇಥಿಯೋಪಿಯಾದ ಎತ್ತರದ ನೆಲದಲ್ಲಿ. ಸಸ್ಯಶಾಸ್ತ್ರದ ಹೆಸರಿನಲ್ಲಿ ಇಂದಿಗೂ ಆ ದೇಶದ ಹಳೆಯ ಹೆಸರಾದ ಅಬಿಸಿನಿಯಾ ಇದೆ. ರಾಗಿಯ ತವರೂ ಪೂರ್ವ ಆಫ್ರಿಕಾದ ಅದೇ ಎತ್ತರದ ಸೀಮೆ. ಇನ್ನು ಕಾಫಿ: ಬಾಬಾಬುಡನ್‌ಗಿರಿಗೆ ಬೀಜ ಬಂದದ್ದು ಯೆಮೆನ್‌ನಿಂದ ಎಂಬ ಕಥೆ ಎಲ್ಲರಿಗೂ ಗೊತ್ತು. ಯೆಮೆನ್‌ಗೆ ಅದು ಹೋದದ್ದು ಇಥಿಯೋಪಿಯಾದ ಕಾಡುಗಳಿಂದ.

ಈ ಹೋಟೆಲುಗಳು ವಾಷಿಂಗ್ಟನ್ನಿಗೆ ಬಂದ ಬಗೆ ಸುಖದ ಕಥೆಯಲ್ಲ. 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಇಳಿಸಿ ದೆರ್ಗ್ ಎಂಬ ಸೈನಿಕ ಆಡಳಿತ ಬಂತು. ಅಮೆರಿಕಕ್ಕೆ ಓದಲು ಬಂದಿದ್ದವರಿಗೆ ಮರಳಲಾಗಲಿಲ್ಲ. ಊರಿನಲ್ಲಿದ್ದವರಲ್ಲಿ ಹಲವರು ಗಡಿ ದಾಟಿ ಸುಡಾನಿನಲ್ಲಿ ನಿರಾಶ್ರಿತರಾದರು. 1980ರ ನಿರಾಶ್ರಿತರ ಕಾಯ್ದೆಯಿಂದ ಅಮೆರಿಕಕ್ಕೆ ದಾರಿ ಸುಲಭವಾಯಿತು. ವಾಷಿಂಗ್ಟನ್ನಿನಲ್ಲಿ ‘ಮಾಮಾ ದೆಸ್ತಾ’ ಹೋಟೆಲು 1978ರಲ್ಲೇ ತೆರೆದಿತ್ತು. ನಂತರ ಆಡಮ್ಸ್ ಮಾರ್ಗನ್ ಬಡಾವಣೆ ಇಥಿಯೋಪಿಯನ್ ಊಟಕ್ಕೆ ಹೆಸರಾಯಿತು. ಅದೇ ವರ್ಷಗಳಲ್ಲಿ, 1984–85ರಲ್ಲಿ, ಟಿವಿಯಲ್ಲಿ ಜಗತ್ತು ನೋಡುತ್ತಿದ್ದದ್ದು ಇಥಿಯೋಪಿಯಾದ ಭೀಕರ ಬರವನ್ನು. ಹಸಿವಿನ ದೇಶವೆಂದು ಗುರುತಾದ ನಾಡಿನ ಅಡುಗೆಯನ್ನು ತಲೆಯೆತ್ತಿ ಬಡಿಸಿದ ಆ ಹೋಟೆಲಿನವರ ಧೈರ್ಯ ದೊಡ್ಡದು.

ಬಾಡಿಗೆ ಏರಿದ ಹಾಗೆ ಹೋಟೆಲುಗಳು ಯು ಸ್ಟ್ರೀಟಿನ ಕಡೆ ಸರಿದವು. 2005ರ ಸುಮಾರಿಗೆ ನೈನ್ತ್ ಸ್ಟ್ರೀಟಿನ ಒಂದು ಭಾಗಕ್ಕೆ ‘ಲಿಟಲ್ ಇಥಿಯೋಪಿಯಾ’ ಎಂದು ಹೆಸರಿಡಬೇಕೆಂಬ ಬೇಡಿಕೆ ಎದ್ದಾಗ, ಅಲ್ಲಿನ ಆಫ್ರಿಕನ್ ಅಮೆರಿಕನ್ ನಿವಾಸಿಗಳಲ್ಲಿ ಹಲವರು ಒಪ್ಪಲಿಲ್ಲ. ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಬೆಳೆದ ಕೇರಿ ಅದು. ತಮ್ಮ ಚರಿತ್ರೆಯ ಮೇಲೆ ಬೇರೆ ಹೆಸರು ಬೇಡ ಎಂಬ ಅವರ ಮಾತಿಗೂ ಆಧಾರವಿತ್ತು. ಲಾಸ್ ಏಂಜಲೀಸ್‌ನಲ್ಲಿ ಫೇರ್‌ಫ್ಯಾಕ್ಸ್ ಅವೆನ್ಯೂದ ಒಂದು ಭಾಗಕ್ಕೆ 2002ರಲ್ಲೇ ಆ ಹೆಸರು ಅಧಿಕೃತವಾಗಿತ್ತು. ಈಗ ವಾಷಿಂಗ್ಟನ್ನಿನ ಹೋಟೆಲುಗಳೂ ಸಿಲ್ವರ್ ಸ್ಪ್ರಿಂಗ್, ಅಲೆಕ್ಸಾಂಡ್ರಿಯಾ ಎಂದು ಹೊರವಲಯಕ್ಕೆ ಹರಡಿವೆ. ಸಮುದಾಯ ಮನೆ ಮಾಡಿದ ಕಡೆಗೆ ಅಡುಗೆಯೂ ಹೋಗಿದೆ.

ಒಂದು ಮಾತು: ಈ ಹೋಟೆಲುಗಳು ಬಡಿಸುವುದು ಹೆಚ್ಚಾಗಿ ಇಥಿಯೋಪಿಯಾದ ಉತ್ತರದ ಮತ್ತು ಅಡಿಸ್ ಅಬಾಬಾದ ಅಡುಗೆ. ದಕ್ಷಿಣದವರ ‘ಕೊಚೊ’, ಬಾಳೆಯ ಬಳಗದ ಎನ್ಸೆತ್ ಗಿಡದ ತಿರುಳನ್ನು ಹುದುಗಿಸಿ ಮಾಡುವ ರೊಟ್ಟಿ, ಕಿತ್ಫೊದ ಜೊತೆಗೆ ಒಮ್ಮೊಮ್ಮೆ ಕಾಣುತ್ತದೆ, ಅಷ್ಟೆ.

ಉಣ್ಣುತ್ತಿರುವಾಗ ಒಬ್ಬರು ಇಂಜೆರಾದ ತುತ್ತು ಕಟ್ಟಿ ಪಕ್ಕದವರ ಬಾಯಿಗಿಡುವುದನ್ನು ಕಾಣಬಹುದು. ಇದು ‘ಗುರ್ಶಾ’. ಪ್ರೀತಿಗೂ ಗೌರವಕ್ಕೂ ಕೊಡುವ ತುತ್ತಾದ್ದರಿಂದ ಬೇಡವೆನ್ನಬಾರದು. ಊಟದ ಮೇಲೆ ಕಾಫಿ ಕೇಳಿದರೆ ಹಸಿ ಬೀಜವನ್ನು ಎದುರಿಗೇ ಹುರಿದು, ಅದರ ಹೊಗೆಯನ್ನು ಮೂಸಲು ತಂದು, ಕುಟ್ಟಿ, ‘ಜೆಬೆನಾ’ ಎಂಬ ಕಪ್ಪು ಮಣ್ಣಿನ ಕೊಡದಲ್ಲಿ ಕಾಯಿಸುತ್ತಾರೆ. ಪಕ್ಕದಲ್ಲಿ ಸಾಂಬ್ರಾಣಿ ಹೊಗೆ, ತಿನ್ನಲು ಜೋಳದ ಅರಳು. ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಮೂರು ಸುತ್ತು ಹುಯ್ಯುತ್ತಾರೆ: ಅಬೊಲ್, ತೊನಾ, ಬರಕಾ.

ಮೊದಲ ಸಲ ಹೋಗುವವರು ಉಪವಾಸದ ತಟ್ಟೆಯನ್ನೇ ಹೇಳಿ. ಬುಧವಾರ ಅಥವಾ ಶುಕ್ರವಾರವಾದರೆ ಇನ್ನೂ ಒಳ್ಳೆಯದು. ಬೇರೆ ದಿನಗಳಲ್ಲಿ ತುಪ್ಪ ಬೇಡದವರು ‘ಯೆತ್ಸೊಮ್’ ಎಂದು ಸ್ಪಷ್ಟವಾಗಿ ಹೇಳಿದರೆ ಸಾಕು. ಬೊಜೆನಾ ಶಿರೊದಲ್ಲಿ ಮಾಂಸದ ಚೂರುಗಳಿರುತ್ತವೆ, ಸಸ್ಯಾಹಾರಿಗಳು ಸಾದಾ ಶಿರೊ ಕೇಳಿ. ಸಾಂಪ್ರದಾಯಿಕ ಕಾಫಿಯನ್ನು ಎಷ್ಟೋ ಕಡೆ ಮೊದಲೇ ತಿಳಿಸಿದರೆ ಮಾತ್ರ ಮಾಡುತ್ತಾರೆ, ಅದಕ್ಕೆ ಹೊತ್ತೂ ಹಿಡಿಯುತ್ತದೆ. ಆದ್ದರಿಂದ ಹೋಗುವ ಮುನ್ನ ಫೋನ್ ಮಾಡಿ, ಬಿಡುವು ಮಾಡಿಕೊಂಡು, ಜೊತೆಗೆ ಮೂರು ನಾಲ್ಕು ಜನರನ್ನು ಕರೆದುಕೊಂಡು ಹೋಗಿ.