ಹಳೆಯ ಗಾಡಿಯ ಹೊಗೆ: ಇಂಜಿನು ಬಿಚ್ಚುವ ಮೊದಲು

ಕಳೆದ ಚಳಿಗಾಲದಲ್ಲಿ ಜಮಖಂಡಿ ತಾಲ್ಲೂಕಿನ ಸಾವಳಗಿಗೆ, ನಮ್ಮ ಬೀಗರ ಮನೆಗೆ ಹೋಗಿದ್ದೆ. ಅದು ಎರೆಭೂಮಿಯ ಸೀಮೆ, ಕಬ್ಬಿನ ನಾಡು. ಅಡಿಕೆ, ಕಾಫಿಯ ನೆರಳಿನಿಂದ ಹೋದವನಿಗೆ ಅಲ್ಲಿಯ ಬಯಲು ಕಣ್ಣು ಕುಕ್ಕುತ್ತದೆ. ಬೀಗರಲ್ಲಿ ಹಳೆಯ ಅಂಬಾಸಿಡರ್ ಕಾರೊಂದಿದೆ. ಉತ್ತರಪಾರಾದ ಕಾರ್ಖಾನೆಯಲ್ಲಿ ಈ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತಾದರೂ ಅವರು ಮಾತ್ರ ಅದನ್ನು ಬಿಟ್ಟಿಲ್ಲ. ಆ ಕಾರು ಹಿಂದಿನಿಂದ ನೀಲಿ ಹೊಗೆ ಬಿಡುತ್ತಿತ್ತು. ಊರಿನ ಮೇಸ್ತ್ರಿ ನೋಡಿದವನೇ ತೀರ್ಪು ಕೊಟ್ಟುಬಿಟ್ಟಿದ್ದ: "ಗೌಡ್ರ, ಬೋರ್ ಹೋಗೇತ್ರಿ. ಇಂಜಿನ್ ಪೂರ್ತಿ ಇಳಸಬೇಕ್ರಿ." ಬೀಗರು ಪಂಪಿನ ಮೋಟಾರು ಬದಲಿಸಲೆಂದು ಕಬ್ಬಿನ ಬಿಲ್ಲಿನ ಹಣ ಎತ್ತಿಟ್ಟಿದ್ದರು. ಅದನ್ನೇ ಕಾರಿಗೆ ಸುರಿಯುವುದೋ ಬೇಡವೋ ಎಂಬ ಚಿಂತೆ ಅವರಿಗೆ. "ನೀವು ಜೀಪ್ ಬಿಚ್ಚಿ ಕಟ್ಟಿದವರು, ಒಂದ್ಸಲ ನೋಡ್ರಿ" ಎಂದರು.

ನಮ್ಮ ಸದಸ್ಯರಲ್ಲಿಯೂ ಹಳೆಯ ಜೀಪು, ಹಳೆಯ ಕಾರು ಇಟ್ಟುಕೊಂಡವರು ಬಹಳ ಮಂದಿ. ಆದ್ದರಿಂದ ಅಲ್ಲಿ ಏನಾಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಇದರಲ್ಲಿ ಮೇಸ್ತ್ರಿಯ ತಪ್ಪಿಲ್ಲ. ಆದರೆ ಆಯಿಲ್ ಸಿಲಿಂಡರಿನೊಳಗೆ ಬರುವ ದಾರಿ ಒಂದೇ ಅಲ್ಲ. ಕೆಳಗಿನಿಂದ, ಸವೆದ ರಿಂಗು ಮತ್ತು ಬೋರಿನ ಸಂದಿಯಿಂದ ಬರಬಹುದು. ಮೇಲಿನಿಂದ, ವಾಲ್ವ್ ಗೈಡಿನ ಮೂಲಕ ಇಳಿಯಲೂಬಹುದು. ಮೊದಲನೆಯದಕ್ಕೆ ಇಂಜಿನು ಇಳಿಸಬೇಕು, ರೀಬೋರ್ ಮಾಡಿಸಬೇಕು, ಪಿಸ್ಟನ್ ಹಾಕಬೇಕು. ಎರಡನೆಯದಕ್ಕೆ ಹೆಡ್ ಮಾತ್ರ ಬಿಚ್ಚಿದರೆ ಸಾಕು. ಖರ್ಚಿನಲ್ಲಿ ಅಜಗಜಾಂತರ.

ಹೊಗೆ ಯಾವಾಗ ಬರುತ್ತದೆ ಎಂದು ನೋಡಿದರೆ ಅರ್ಧ ತಿಳಿಯುತ್ತದೆ. ಬೀಗರ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಒಂದು ಮುದ್ದೆ ಹೊಗೆ ಬಿಟ್ಟು ಸುಮ್ಮನಾಗುತ್ತಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ದಾಟುವವರೆಗೆ ರಸ್ತೆಯಲ್ಲಿ ಇಂಜಿನು ಆರಿಸದೆ ನಿಲ್ಲಿಸಿಕೊಂಡು, ಆಮೇಲೆ ಹೊರಟರೆ ಮತ್ತೊಂದು ಮುದ್ದೆ. ಓಡುವಾಗ ಹೊಗೆ ಬಹುಮಟ್ಟಿಗೆ ಇರಲಿಲ್ಲ. ಇದು ವಾಲ್ವ್ ಗೈಡಿನ ಲಕ್ಷಣ. ಪೆಟ್ರೋಲ್ ಇಂಜಿನಿನಲ್ಲಿ ಆಕ್ಸಿಲರೇಟರ್ ಬಿಟ್ಟಿರುವಾಗ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಹೆಚ್ಚಿರುತ್ತದೆ. ಅದು ಸವೆದ ಗೈಡಿನ ಮೂಲಕ ಮೇಲಿನ ಆಯಿಲನ್ನು ಹೀರಿಕೊಳ್ಳುತ್ತದೆ. ಹೀಗೆ ಸೇರಿದ ಆಯಿಲ್ ಆಕ್ಸಿಲರೇಟರ್ ಒತ್ತಿದೊಡನೆ ಉರಿದು ಹೊರಬರುತ್ತದೆ. ನಮ್ಮ ಕಡೆ ಇದನ್ನು ನೋಡಲು ಘಾಟಿಗಿಂತ ಒಳ್ಳೆಯ ಜಾಗ ಬೇಡ. ಚಾರ್ಮಾಡಿಯನ್ನು ಗೇರಿನಲ್ಲೇ ಇಳಿದು, ತಳದಲ್ಲಿ ಆಕ್ಸಿಲರೇಟರ್ ಒತ್ತಿದಾಗ ನೀಲಿ ಮೋಡ ಎದ್ದರೆ ಗೈಡಿನ ಮೇಲೆ ಸಂಶಯಪಡಿ. ಹಿಂದಿರುಗಿ ಕೊಟ್ಟಿಗೆಹಾರದ ಕಡೆ ಏರುವಾಗ, ಭಾರ ಬಿದ್ದಷ್ಟೂ ಎಡೆಬಿಡದೆ ಹೊಗೆ ಬಂದರೆ ರಿಂಗಿನ ಮೇಲೆ.

ಬರಿಯ ಕಣ್ಣಂದಾಜು ಸಾಲದು. ಕಂಪ್ರೆಷನ್ ಗೇಜು ಇರುವವರಿಂದ ಅಳತೆ ಮಾಡಿಸಬೇಕು. ಇಂಜಿನು ಬಿಸಿಯಾಗಿರಲಿ, ನಾಲ್ಕೂ ಪ್ಲಗ್ಗು ಬಿಚ್ಚಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರಲಿ. ಒಮ್ಮೆ ಹಾಗೆಯೇ ಅಳೆದು, ಬಳಿಕ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಆಯಿಲ್ ಬಿಟ್ಟಮೇಲೆ ಒತ್ತಡ ಚೆನ್ನಾಗಿ ಏರಿದರೆ ರಿಂಗು ಸವೆದಿದೆ, ಆಯಿಲ್ ಆ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚಿದೆ ಎಂದು ತಿಳಿಯಬೇಕು. ಒತ್ತಡ ಕಡಿಮೆಯಿದ್ದು, ಆಯಿಲ್ ಬಿಟ್ಟರೂ ಏರದಿದ್ದರೆ ವಾಲ್ವ್ ಕೂರುತ್ತಿಲ್ಲ, ಇಲ್ಲವೇ ಗ್ಯಾಸ್ಕೆಟ್ ಹೋಗಿದೆ. ಡೀಸೆಲ್ ಇಂಜಿನಿಗೆ ಈ ಆಯಿಲ್ ಬಿಡುವ ಪ್ರಯೋಗ ಬೇಡ, ಅಲ್ಲಿ ಅಪಾಯವಿದೆ. ಬೀಗರ ಕಾರಿನಲ್ಲಿ ನಾಲ್ಕೂ ಸಿಲಿಂಡರಿನ ಅಳತೆ ಚೆನ್ನಾಗಿತ್ತು, ಒಂದಕ್ಕೊಂದು ಹತ್ತಿರವೂ ಇತ್ತು. ಆಯಿಲ್ ಬಿಟ್ಟಾಗಲೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ಹೆಡ್ ಬಿಚ್ಚಿಸಿ ನೋಡಿದರೆ ವಾಲ್ವ್ ಗೈಡಿನಲ್ಲಿ ಅಲುಗಾಡುತ್ತಿತ್ತು, ರಬ್ಬರ್ ಸೀಲುಗಳು ಒಣಗಿ ಕಟ್ಟಿಗೆಯಾಗಿದ್ದವು. ಗೈಡು, ಸೀಲು ಬದಲಾದವು, ಹೊಗೆ ನಿಂತಿತು. ಪಂಪಿನ ಮೋಟಾರೂ ಬಂತು.

ಹಳೆಯ ಪೆಟ್ರೋಲ್ ಜೀಪಿದ್ದವರು ಇನ್ನೊಂದನ್ನು ನೋಡಬೇಕು. ವೈಪರ್ ನಿರ್ವಾತದಿಂದ ಓಡುವ ಜೀಪುಗಳಲ್ಲಿ ಪೆಟ್ರೋಲ್ ಪಂಪಿನಲ್ಲಿಯೇ ಎರಡನೆಯದೊಂದು ಡಯಾಫ್ರಂ ಇರುತ್ತದೆ. ಅದು ಹರಿದರೆ ಇಂಜಿನಿನ ಆಯಿಲ್ ನೇರ ಮ್ಯಾನಿಫೋಲ್ಡಿಗೆ ಹೋಗಿ ನೀಲಿ ಹೊಗೆ ಏಳುತ್ತದೆ. ವೈಪರಿನ ಕೊಳವೆ ಬಿಚ್ಚಿ, ಮ್ಯಾನಿಫೋಲ್ಡಿನ ತೂತು ಮುಚ್ಚಿ ಓಡಿಸಿದಾಗ ಹೊಗೆ ನಿಂತರೆ ರೋಗ ಸಿಕ್ಕಿತು. ಇದಕ್ಕಾಗಿ ಇಂಜಿನು ಇಳಿಸಿದವರನ್ನು ನಾನು ಕಂಡಿದ್ದೇನೆ!

ಬಿಳಿ ಹೊಗೆಯ ವಿಷಯದಲ್ಲಿ ನಾನು ಪಾಠ ಕಲಿತದ್ದು ಸ್ವಂತ ಖರ್ಚಿನಲ್ಲಿ. ಚಳಿಯ ಬೆಳಿಗ್ಗೆ ಸೈಲೆನ್ಸರಿನಿಂದ ಬರುವ ಬಿಳಿ ಆವಿ ಬರಿಯ ನೀರು. ಇಂಜಿನು ಬಿಸಿಯಾದಂತೆ ಹೋಗುತ್ತದೆ, ಅಂಜಬೇಕಾಗಿಲ್ಲ. ಹೋಗದೆ ಉಳಿದರೆ ರೇಡಿಯೇಟರಿನ ನೀರು ಸಿಲಿಂಡರಿಗೆ ಇಳಿಯುತ್ತಿದೆ. ಕಾಫಿ ಕೊಯ್ಲಿನ ನಡುವೆ ನನ್ನ ಜೀಪು ಹೀಗೆ ಹೊಗೆಯಾಡಿತು. ಆಳುಗಳನ್ನು ತರಬೇಕು, ಹಣ್ಣು ಪಲ್ಪರಿಗೆ ಸಾಗಿಸಬೇಕು, ಕೊಯ್ಲು ಮುಗಿಯಲಿ ಎಂದು ದಿನವೂ ನೀರು ತುಂಬಿಸಿ ಓಡಿಸಿದೆ. ಮೊದಲು ಹೋದದ್ದು ಗ್ಯಾಸ್ಕೆಟ್ ಮಾತ್ರ. ಹತ್ತು ದಿನದಲ್ಲಿ ಇಂಜಿನು ಕಾದು ಹೆಡ್ಡೇ ಬಿರಿಯಿತು. ಹಾಗಾಗಿ ರೇಡಿಯೇಟರಿನ ನೀರು ಕಾರಣವಿಲ್ಲದೆ ಇಳಿದರೆ, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ, ಗಾಡಿ ಅಲ್ಲಿಯೇ ನಿಲ್ಲಲಿ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ರೇಡಿಯೇಟರಿನಲ್ಲಿ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದರೂ ಅದೇ ಅರ್ಥ. ಕಾದ ಇಂಜಿನಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಡೀಸೆಲ್ ಗಾಡಿಯಲ್ಲಿ ಕಣ್ಣುರಿಸುವ ಬಿಳಿ ಹೊಗೆ ಬೇರೆ. ಅದು ಉರಿಯದ ಡೀಸೆಲ್. ಹೀಟರ್ ಪ್ಲಗ್ಗು, ಪಂಪಿನ ಟೈಮಿಂಗು, ಕೊನೆಗೆ ಕಂಪ್ರೆಷನ್, ಈ ಕ್ರಮದಲ್ಲಿ ನೋಡಿಸಿ.

ಕಪ್ಪು ಹೊಗೆ ಸಾಮಾನ್ಯವಾಗಿ ಅಗ್ಗದ ರೋಗ. ಗಾಳಿ ಸಾಲದು, ಇಲ್ಲವೇ ಇಂಧನ ಹೆಚ್ಚು. ಏರ್ ಕ್ಲೀನರಿನಿಂದ ಆರಂಭಿಸಿ. ಸಾವಳಗಿಯ ಬೇಸಿಗೆಯ ಧೂಳಾಗಲಿ, ನಮ್ಮ ತೋಟದ ರಸ್ತೆಯ ಧೂಳಾಗಲಿ ಅದನ್ನು ಬೇಗ ಕಟ್ಟಿಸುತ್ತದೆ. ಜೀಪಿನ ಆಯಿಲ್ ಬಟ್ಟಲಿನ ಕ್ಲೀನರಿನಲ್ಲಿ ಕೆಸರು ಕೂತಿರುತ್ತದೆ, ತೊಳೆದು ಹೊಸ ಆಯಿಲ್ ಹಾಕಿ. ಬಳಿಕ ಚೋಕು, ಕಾರ್ಬುರೇಟರಿನ ಫ್ಲೋಟು. ಡೀಸೆಲ್ ಆದರೆ ಇಂಜೆಕ್ಟರು. ಪ್ಲಗ್ಗು ಬಿಚ್ಚಿ ನೋಡಿ: ಒಣ ಮಸಿಯಾದರೆ ಪೆಟ್ರೋಲ್ ಹೆಚ್ಚು, ಜಿಡ್ಡಾದ ಮಸಿಯಾದರೆ ಆಯಿಲ್.

ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥೆನಾಲ್ ಬೆರೆತಿರುತ್ತದೆ. ಜಮಖಂಡಿ, ಮುಧೋಳದ ಕಡೆಯ ಕಬ್ಬಿನಿಂದಲೂ ಅದು ತಯಾರಾಗುತ್ತದೆ, ಬೀಗರಿಗೆ ಅದರಿಂದ ಲಾಭವೇ. ಅವರ ಕಾರಿನ ರಬ್ಬರಿಗೆ ಮಾತ್ರ ಅಲ್ಲ. ಹಳೆಯ ಕೊಳವೆ, ಪಂಪಿನ ಡಯಾಫ್ರಂ ಬೇಗ ಕೆಡುತ್ತವೆ. ಡಯಾಫ್ರಂ ಹರಿದು ಪೆಟ್ರೋಲ್ ಕೆಳಗಿನ ಆಯಿಲಿಗೆ ಸೇರಿದರೆ ಡಿಪ್‌ಸ್ಟಿಕ್ಕಿನಲ್ಲಿ ಆಯಿಲಿನ ಮಟ್ಟ ತಾನಾಗಿ ಏರುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ. "ಆಯಿಲ್ ಕಡಿಮೆಯೇ ಆಗಿಲ್ಲ" ಎಂದು ಹಿಗ್ಗಬೇಡಿ, ತೆಳುವಾದ ಆಯಿಲಿನಲ್ಲಿ ಬೇರಿಂಗು ಉಳಿಯುವುದಿಲ್ಲ.

ಹೊಗೆ ಕಡಿಮೆಯಾಗಲೆಂದು ದಪ್ಪ ಆಯಿಲ್ ಹಾಕಿಸುವ ರೂಢಿಯೂ ನಮ್ಮಲ್ಲಿದೆ. ಗಾಡಿ ಮಾರುವವನಿಗೆ ಅದು ಅನುಕೂಲ, ಇಟ್ಟುಕೊಳ್ಳುವವನಿಗಲ್ಲ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ಐದೈದು ವರ್ಷಕ್ಕೊಮ್ಮೆ ನವೀಕರಿಸಲು ಹೋದಾಗ ಹೊಗೆಯ ತಪಾಸಣೆಯೂ ಇರುತ್ತದೆ. ಆ ದಿನದವರೆಗೆ ಕಾಯುವುದಕ್ಕಿಂತ ಕೊಯ್ಲಿಗೆ ಮೊದಲು, ಮಳೆ ನಿಂತ ಕೂಡಲೇ ನೋಡಿಸಿಕೊಳ್ಳುವುದು ಲೇಸು. ಹೊಗೆ ಪರೀಕ್ಷಿಸುವಾಗ ಗಾಡಿ ಶೆಡ್ಡಿನ ಹೊರಗಿರಲಿ. ಪೆಟ್ರೋಲ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ; ಮುಚ್ಚಿದ ಶೆಡ್ಡಿನಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಮನುಷ್ಯನನ್ನು ಕೆಡವುತ್ತದೆ.