ತಾಮ್ರದ ತಂತಿ ಹೋಗಿ ಗಾಜಿನ ಎಳೆ

ಅಡಿಕೆಯ ಧಾರಣೆ, ಮಳೆಯ ಮುನ್ಸೂಚನೆ, ಮಕ್ಕಳ ಪಾಠ ಎಲ್ಲವೂ ಇಂದು ಇಂಟರ್‌ನೆಟ್ಟಿನಲ್ಲಿ ಬರುತ್ತವೆ. ಗಡಿಯಾಚೆಯ ನಮ್ಮ ರೈತ ಬಾಂಧವರಲ್ಲಿ ಟೆಲಿಫೋನಿನ ತಾಮ್ರದ ತಂತಿಯಿಂದಲೇ ಅದನ್ನು ಪಡೆದವರುಂಟು. ತಾಮ್ರದಲ್ಲಿ ಹರಿಯುವುದು ವಿದ್ಯುತ್ತು. ಎಕ್ಸ್‌ಚೇಂಜಿನಿಂದ ದೂರವಾದಂತೆ ಸೊರಗುತ್ತದೆ. ನಾಲ್ಕೈದು ಕಿಲೋಮೀಟರ್ ಆಚೆಯ ತೋಟದ ಮನೆಗೆ ವೇಗವೇ ಉಳಿಯದು. ಮಳೆನೀರು ಹೊಕ್ಕರೆ ಗರಗರ ಸದ್ದು. ಸಿಡಿಲು ಬಡಿದರೆ ಯಂತ್ರಕ್ಕೇ ಅಪಾಯ.

ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಾದರೋ ಹರಿಯುವುದು ಬೆಳಕು. ಅದು 20 ಕಿಲೋಮೀಟರ್ ದೂರಕ್ಕೂ ಸೊರಗದೆ ತಲಪುತ್ತದೆ. ಒಂದೇ ಎಳೆಯನ್ನು ಕವಲೊಡೆಸಿ 32 ಮನೆಗಳಿಗೆ ಹಂಚುವುದುಂಟು. ಗ್ರಾಮ ಪಂಚಾಯತಿಗಳಿಗೆ ಈ ಎಳೆ ಒಯ್ಯುವ ಯೋಜನೆಯನ್ನು ಕೇಂದ್ರ ಸರಕಾರ 2011ರಲ್ಲಿ ಒಪ್ಪಿತು. ಈಗ ಅದರ ಹೆಸರು ಭಾರತ್‌ನೆಟ್. ಕೇರಳದ ಕೆ-ಫೋನ್ 2023ರ ಜೂನಿನಲ್ಲಿ ಉದ್ಘಾಟನೆಯಾಯಿತು.

ಎಳೆ ಮನೆಗೆ ಬಂದಾಗ ಕೆಲವು ಎಚ್ಚರಿಕೆಗಳು ಅವಶ್ಯ. ಹಳೆಯ ಫೋನಿಗೆ ವಿದ್ಯುತ್ತು ತಂತಿಯಲ್ಲೇ ಬರುತ್ತಿತ್ತು. ಕರೆಂಟು ಹೋದರೂ ಮಾತಾಡಬಹುದಿತ್ತು. ಗಾಜು ವಿದ್ಯುತ್ತನ್ನು ತಾರದು. ಆದುದರಿಂದ ಹೊಸ ಪೆಟ್ಟಿಗೆಯೊಡನೆ ಬ್ಯಾಟರಿಯನ್ನೂ ಇಡತಕ್ಕದ್ದು. ಎಳೆಯನ್ನು ಮಡಿಸಬಾರದು. ತುಂಡಾದ ತುದಿಯನ್ನು ಕಣ್ಣಿಗೆ ಹಿಡಿಯಬಾರದು; ಅದರ ಬೆಳಕು ಕಾಣದಿದ್ದರೂ ಕಣ್ಣಿಗೆ ಕೇಡು.

ಕಾಲುವೆ ತೋಡುವ ಮುನ್ನ ಕೇಬಲ್ ಹೋದ ದಾರಿಯನ್ನು ಪಂಚಾಯತಿಯಲ್ಲಿ ಕೇಳಿ ತಿಳಿಯಿರೆಂದು ನಾವು ವಿನಂತಿಸುತ್ತೇವೆ. ಒಬ್ಬರ ಹಾರೆ ತಗಲಿದರೆ ಊರಿಗೆ ಊರೇ ಸಂಪರ್ಕ ಕಳೆದುಕೊಂಡೀತು.